ತಂತಿಯ ಬೆಲೆ ಮತ್ತು ವರ್ತಕನ ಹೊಣೆ

ಕೊಳ್ಳುವವನಿಗೆ ಸರಕಿನ ಗುಣ ತಿಳಿಯದಿರುವುದು ಸಹಜ. ಮಾರುವವನಿಗೇ ಅದು ತಿಳಿಯದಿದ್ದರೆ ಆ ಸ್ಥಿತಿಯನ್ನು ಏನೆಂದು ಕರೆಯಬೇಕು? ಅಕ್ಕಿ, ಬಟ್ಟೆ, ಬಂಗಾರಗಳ ವ್ಯಾಪಾರದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡಬಹುದು. ಬಟ್ಟೆಯನ್ನು ಬೆಳಕಿಗೆ ಹಿಡಿಯಬಹುದು. ಬಂಗಾರವನ್ನು ಒರೆಗಲ್ಲಿಗೆ ತಿಕ್ಕಬಹುದು. ಆದರೆ ಮಕ್ಕಳ ವಿಡಿಯೋ ಆಟದ ಯಂತ್ರಕ್ಕೂ ಮನೆಯ ಟೆಲಿವಿಷನ್ನಿಗೂ ನಡುವೆ ಹಾಯುವ ಒಂದೂವರೆ ಮೀಟರ್ ತಂತಿಯನ್ನು ಯಾವ ಒರೆಗಲ್ಲಿಗೆ ತಿಕ್ಕುವುದು? ಅದರ ಹೊದಿಕೆ ದಪ್ಪವಾಗಿರುತ್ತದೆ, ತುದಿ ಬಂಗಾರದಂತೆ ಹೊಳೆಯುತ್ತದೆ, ಪೊಟ್ಟಣದ ಮೇಲೆ ದೊಡ್ಡ ಮಾತುಗಳಿರುತ್ತವೆ. ಒಳಗಿನದು ಗ್ರಾಹಕನಿಗೂ ಕಾಣದು, ಗಲ್ಲೆಯ ಮೇಲೆ ಕುಳಿತವನಿಗೂ ಕಾಣದು.

ಉತ್ತರ ಕರ್ನಾಟಕದ ಒಂದು ವ್ಯಾಪಾರಿ ಪಟ್ಟಣದಲ್ಲಿ ಹಿರಿಯರೊಬ್ಬರ ಅಂಗಡಿಯಿತ್ತು. ರೇಡಿಯೋ ದುರಸ್ತಿಯಿಂದ ಆರಂಭವಾದ ಅಂಗಡಿ ಅದು. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ 1982ರಲ್ಲಿ ದೇಶದಲ್ಲಿ ಬಣ್ಣದ ಟೆಲಿವಿಷನ್ ಪ್ರಸಾರ ಮೊದಲಾಯಿತು. ಅದರ ನಂತರ ಅವರ ಅಂಗಡಿಯಲ್ಲಿಯೂ ಟೆಲಿವಿಷನ್ ಮಾರಾಟ ಮುಖ್ಯವಾಯಿತು. ಎಪ್ಪತ್ತು ದಾಟಿದ ಮೇಲೆ ಹಿರಿಯರು ವ್ಯವಹಾರವನ್ನು ಮಗನಿಗೆ ಒಪ್ಪಿಸಿ, ಬೆಳಗಿನ ಹೊತ್ತು ಎರಡು ಗಂಟೆ ಮಾತ್ರ ಗಲ್ಲೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ಮಗನು ಚುರುಕು, ವಿನಯಶೀಲ, ತೂಕದಲ್ಲಾಗಲಿ ಲೆಕ್ಕದಲ್ಲಾಗಲಿ ಮೋಸ ಅರಿಯದವನು. ಆದರೂ ಅವನ ಗಲ್ಲೆಯಲ್ಲಿಯೇ ಈ ಪ್ರಸಂಗ ನಡೆಯಿತು.

2008ರ ದೀಪಾವಳಿಯ ಸಮಯ. ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಆ ಅಂಗಡಿಯಿಂದಲೇ ಕಂತಿನ ಮೇಲೆ 32 ಅಂಗುಲದ ಹೊಸ ಚಪ್ಪಟೆ ಟೆಲಿವಿಷನ್ ಒಯ್ದಿದ್ದರು. ದುಬೈಯಲ್ಲಿದ್ದ ಅವರ ಅಣ್ಣ ಸೋದರಳಿಯನಿಗೆಂದು ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರವನ್ನು ತಂದುಕೊಟ್ಟಿದ್ದರು. 2006ರಲ್ಲಿ ಹೊರಬಂದ ಆ ಯಂತ್ರಕ್ಕೆ ಅತ್ಯಂತ ಸ್ಫುಟವಾದ ಚಿತ್ರವನ್ನು ಕೊಡುವ ಎಚ್‌ಡಿಎಂಐ ದ್ವಾರವಿತ್ತು. ಆದರೆ ಪೆಟ್ಟಿಗೆಯೊಳಗೆ ಇಟ್ಟಿದ್ದುದು ಮಾತ್ರ ಹಳೆಯ ಕಾಲದ ಹಳದಿ, ಕೆಂಪು, ಬಿಳಿ ತುದಿಗಳ ತಂತಿ. ಅದರಿಂದ ಚಿತ್ರ ಬರುತ್ತಿತ್ತು. ಆದರೆ ಪರದೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಲು ಹುಡುಗನು ಟೆಲಿವಿಷನ್ನಿಗೆ ಮೂಗು ತಾಗಿಸಿ ಕುಳಿತುಕೊಳ್ಳಬೇಕಾಗಿತ್ತು. ಅದು ತಾಯಿಯ ಚಿಂತೆಗೆ ಕಾರಣವಾಯಿತು.

ಅವರು ಅಂಗಡಿಗೆ ಬಂದು 450 ರೂಪಾಯಿಗೆ ಒಂದು ಎಚ್‌ಡಿಎಂಐ ತಂತಿಯನ್ನು ಕೊಂಡರು. ಮನೆಗೆ ಒಯ್ದು ಜೋಡಿಸಿದರೆ ಪರದೆಯೆಲ್ಲ ಕಪ್ಪು. ಮರುದಿನ ಮರಳಿ ಬಂದರು. ಮಗನು ಸ್ವಲ್ಪ ಯೋಚಿಸಿ, "ಅಗ್ಗದ ತಂತಿ, ಇಂಥ ದೊಡ್ಡ ಯಂತ್ರಕ್ಕೆ ತಾಳಲಿಲ್ಲ" ಎಂದು 2,800 ರೂಪಾಯಿಯ ತಂತಿಯನ್ನು ತೋರಿಸಿದನು. ಬಂಗಾರದ ಲೇಪದ ತುದಿ, ಹೆಣೆದ ಹೊದಿಕೆ. "ಇದರಲ್ಲಿ ಚಿತ್ರವೂ ಇನ್ನಷ್ಟು ಸ್ವಚ್ಛ" ಎಂದೂ ಹೇಳಿದನು. ಪೊಟ್ಟಣದ ಮೇಲೆ ಹಾಗೆ ಬರೆದಿತ್ತು, ಸರಕು ತಂದವನೂ ಹಾಗೆಯೇ ಹೇಳಿದ್ದನು. ಶಿಕ್ಷಕಿ ಮಿಕ್ಕ 2,350 ರೂಪಾಯಿ ಕೊಟ್ಟು ಅದನ್ನು ಒಯ್ದರು. ಪರದೆ ಕಪ್ಪಾಗಿಯೇ ಉಳಿಯಿತು.

ಮೂರನೆಯ ದಿನ ಅವರು ಬಂದಾಗ ಗಲ್ಲೆಯಲ್ಲಿ ಹಿರಿಯರಿದ್ದರು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು. ತಮ್ಮಿಂದಲೇ ಏನೋ ತಪ್ಪಾಗಿರಬೇಕೆಂಬ ಧಾಟಿಯಲ್ಲಿ ಅವರು ಎಲ್ಲವನ್ನೂ ವಿವರಿಸಿದರು. ಟೆಲಿವಿಷನ್ನಿನ ದ್ವಾರವೇ ಕೆಟ್ಟಿರಬಹುದು, ದುರಸ್ತಿಯವನನ್ನು ಕಳುಹಿಸೋಣವೆಂದು ಮಗನು ಒಳಗಿನಿಂದ ಹೇಳಿದನು. ಹಿರಿಯರು ಒಪ್ಪಲಿಲ್ಲ. "ನಾಳೆ ಹುಡುಗನೊಡನೆ ಆಟದ ಯಂತ್ರವನ್ನೂ ಎರಡೂ ತಂತಿಗಳನ್ನೂ, ಪೆಟ್ಟಿಗೆಯಲ್ಲಿದ್ದ ಪುಸ್ತಿಕೆಯನ್ನೂ ಕಳುಹಿಸಿ" ಎಂದರು.

ಪುಸ್ತಿಕೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಬಂದಂತೆಯೇ ಇತ್ತು. ಮನೆಯಲ್ಲಿ ಯಾರೂ ತೆರೆದಿರಲಿಲ್ಲ. ಹಿರಿಯರು ಕನ್ನಡಕ ಏರಿಸಿಕೊಂಡು ಹುಡುಗನಿಂದಲೇ ಅದನ್ನು ಓದಿಸಿದರು. ವಿಷಯ ಸರಳವಾಗಿತ್ತು. ಒಮ್ಮೆ ಹಳದಿ ತಂತಿಗೆ ಹೊಂದಿಸಿಕೊಂಡ ಯಂತ್ರ ಅದೇ ದಾರಿಯಲ್ಲಿ ಚಿತ್ರ ಕಳುಹಿಸುತ್ತಲೇ ಇರುತ್ತದೆ. ಬೇರೆ ತಂತಿಯನ್ನು ಜೋಡಿಸಿದರೆ ದಾರಿ ಬದಲಿಸಬೇಕೆಂದು ಅದಕ್ಕೆ ತಿಳಿಸಬೇಕು. ಯಂತ್ರವನ್ನು ಆರಿಸಿ, ಚಾಲನೆಯ ಗುಂಡಿಯನ್ನು ಐದು ಸೆಕೆಂಡಿನಷ್ಟು ಒತ್ತಿ ಹಿಡಿಯಬೇಕು. ಒಂದು ಸದ್ದು ಕೇಳುತ್ತದೆ. ಬೆರಳು ತೆಗೆಯದೆ ಎರಡನೆಯ ಸದ್ದಿನವರೆಗೆ ಕಾಯಬೇಕು. ಹುಡುಗನು ಹಾಗೆ ಮಾಡಿದನು. ಎರಡನೆಯ ಸದ್ದಾಯಿತು, ಪರದೆ ಬೆಳಗಿತು.

ಅದು 2,800 ರೂಪಾಯಿಯ ತಂತಿ. ಹಿರಿಯರು ಅದನ್ನು ಕಿತ್ತು 450 ರೂಪಾಯಿಯ ತಂತಿಯನ್ನು ಜೋಡಿಸಿದರು. ಅದೂ ಬೆಳಗಿತು. ಹುಡುಗನನ್ನು ಗೋಡೆಯ ಕಡೆಗೆ ತಿರುಗಿ ನಿಲ್ಲಿಸಿ, ಒಮ್ಮೆ ಇದನ್ನು ಒಮ್ಮೆ ಅದನ್ನು ಹಾಕಿ, ಪ್ರತಿ ಸಲವೂ ಅವನನ್ನು ಕರೆದು ಯಾವುದೆಂದು ಕೇಳಿದರು. ಹನ್ನೆರಡು ವರ್ಷದ ಚುರುಕು ಕಣ್ಣುಗಳು ಐದು ಸಲ ನೋಡಿ ಎರಡು ಸಲ ಸರಿಯಾಗಿ ಊಹಿಸಿದವು. ಕೊನೆಗೆ ಹಳದಿ ತಂತಿಯನ್ನು ಹಾಕಿದಾಗ ಮಾತ್ರ ಹುಡುಗನು ನೋಡಿದೊಡನೆ ನಕ್ಕುಬಿಟ್ಟನು. ಅದರ ವ್ಯತ್ಯಾಸವನ್ನು ಹಿರಿಯರ ಮಂಜುಗಣ್ಣೂ ಗುರುತಿಸಿತು.

ಹೀಗೇಕೆ ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರುವುದು ಒಳ್ಳೆಯದು. ಹಳದಿ ತುದಿಯ ತಂತಿಗೆ ಕಾಂಪೋಸಿಟ್ ಎಂದು ಹೆಸರು. ಚಿತ್ರದ ಬೆಳಕು ಮತ್ತು ಬಣ್ಣ ಎರಡನ್ನೂ ಬೆರೆಸಿ ಒಂದೇ ತಂತಿಯಲ್ಲಿ ಹರಿಸುವ ವ್ಯವಸ್ಥೆ ಅದು. ಬೆರೆತುದನ್ನು ಟೆಲಿವಿಷನ್ ಮತ್ತೆ ಬೇರ್ಪಡಿಸಬೇಕು. ಹಾಲು ನೀರುಗಳನ್ನು ಬೇರ್ಪಡಿಸುವ ಹಂಸದ ನೈಪುಣ್ಯ ಯಂತ್ರಕ್ಕೆ ಪೂರ್ಣವಾಗಿ ಸಿದ್ಧಿಸದು. ಆದುದರಿಂದ ಅಂಚುಗಳಲ್ಲಿ ಚುಕ್ಕೆಗಳು ಹರಿದಾಡುತ್ತವೆ, ಸಣ್ಣ ಗೆರೆಗಳಲ್ಲಿ ಇಲ್ಲದ ಬಣ್ಣ ಮೂಡುತ್ತದೆ. ಮೇಲಾಗಿ ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಆ ಚಿತ್ರಕ್ಕೆ ಇರುವುದು 576 ಸಾಲುಗಳು ಮಾತ್ರ, ಅವನ್ನೂ ಒಂದು ಬಿಟ್ಟು ಒಂದರಂತೆ ಅರ್ಧರ್ಧವಾಗಿ ಸೆಕೆಂಡಿಗೆ 50 ಸಲ ಕಳುಹಿಸಲಾಗುತ್ತದೆ. ಎಸ್-ವಿಡಿಯೋ ಎಂಬ ತಂತಿ ಬೆಳಕನ್ನೂ ಬಣ್ಣವನ್ನೂ ಎರಡು ಬೇರೆ ಎಳೆಗಳಲ್ಲಿ ಒಯ್ಯುತ್ತದೆ. ಸಾಲುಗಳು ಅಷ್ಟೇ ಆದರೂ ಚಿತ್ರ ತಿಳಿಯಾಗುತ್ತದೆ. ಕಾಂಪೊನೆಂಟ್ ಎಂಬುದರಲ್ಲಿ ಚಿತ್ರಕ್ಕಾಗಿಯೇ ಹಸಿರು, ನೀಲಿ, ಕೆಂಪು ಎಂದು ಮೂರು ತಂತಿಗಳು; ಹಸಿರು ಬೆಳಕನ್ನೂ ಉಳಿದೆರಡು ಬಣ್ಣದ ಭೇದಗಳನ್ನೂ ಒಯ್ಯುತ್ತವೆ. ಪ್ಲೇಸ್ಟೇಷನ್ 3ರ ಉನ್ನತ ಸ್ಫುಟತೆಯ ಚಿತ್ರವನ್ನು ಈ ತಂತಿಯೂ ಒಯ್ಯಬಲ್ಲದು.

ಈ ಮೂರರಲ್ಲಿಯೂ ಹರಿಯುವುದು ಅಲೆಯ ರೂಪದ ಸಂಕೇತ. ತಂತಿ ಕಳಪೆಯಾದರೆ ಅಲೆ ಕುಗ್ಗುತ್ತದೆ, ಹೊರಗಿನ ಗದ್ದಲ ಸೇರುತ್ತದೆ, ಚಿತ್ರ ಸ್ವಲ್ಪ ಸ್ವಲ್ಪವಾಗಿ ಕೆಡುತ್ತದೆ. ಅಲ್ಲಿ ಒಳ್ಳೆಯ ತಂತಿಗೆ ತುಸು ಹೆಚ್ಚು ಕೊಡುವುದರಲ್ಲಿ ಅರ್ಥವಿದೆ. 2002ರ ಕೊನೆಯಲ್ಲಿ ರೂಪುಗೊಂಡ ಎಚ್‌ಡಿಎಂಐ ಪದ್ಧತಿಯಲ್ಲಿ ಹರಿಯುವುದು ಅಂಕಿಗಳು. ಖಾತೆಯ ಪುಸ್ತಕದಲ್ಲಿ ಐನೂರು ಎಂಬುದನ್ನು ಬಂಗಾರದ ಶಾಯಿಯಿಂದ ಬರೆದರೂ ಸೀಸದ ಕಡ್ಡಿಯಿಂದ ಬರೆದರೂ ಓದುವವನಿಗೆ ಅದು ಐನೂರೇ. ಅಕ್ಷರ ಅಳಿಸಿಹೋಗಿದ್ದರೆ ಓದಲು ಬಾರದು, ಅಷ್ಟೆ. ಹಾಗೆಯೇ ಎಚ್‌ಡಿಎಂಐ ತಂತಿ ತನ್ನ ಕೆಲಸಕ್ಕೆ ಸಾಲದಿದ್ದರೆ ಪರದೆಯಲ್ಲಿ ಕಿಡಿಗಳಂಥ ಬಿಳಿ ಚುಕ್ಕೆಗಳು ಹಾರುತ್ತವೆ, ಚಿತ್ರ ಆಗಾಗ ಕಪ್ಪಾಗುತ್ತದೆ ಅಥವಾ ಬರುವುದೇ ಇಲ್ಲ. ಸಾಕಾಗುವ ತಂತಿಯಾದರೆ ಅದಕ್ಕಿಂತ ಆರು ಪಟ್ಟು ಬೆಲೆಯ ತಂತಿ ಅದೇ ಚಿತ್ರವನ್ನೇ ಕೊಡುತ್ತದೆ. ಹೆಚ್ಚಿನ ಬಣ್ಣವನ್ನಾಗಲಿ ಹೆಚ್ಚಿನ ಸ್ಫುಟತೆಯನ್ನಾಗಲಿ ಅದು ಎಲ್ಲಿಂದ ತಂದೀತು?

ಹಿರಿಯರು ಶಿಕ್ಷಕಿಯ ಮಗನ ಕೈಯಲ್ಲಿ 2,350 ರೂಪಾಯಿಯನ್ನೂ ಅಗ್ಗದ ತಂತಿಯನ್ನೂ ಇಟ್ಟು ಕಳುಹಿಸಿದರು. ಆ ಸಂಜೆ ತಂದೆ ಮಕ್ಕಳ ನಡುವೆ ಮಾತು ಬೆಳೆಯಿತು. ಮಗನ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ತಾನು ಸುಳ್ಳು ಹೇಳಲಿಲ್ಲ, ನಂಬಿದುದನ್ನೇ ಹೇಳಿದೆ. ಪೊಟ್ಟಣ ಒಡೆದ ಸರಕನ್ನು ಯಾವ ಅಂಗಡಿಯೂ ಮರಳಿ ಕೊಳ್ಳುವುದಿಲ್ಲ. ಟೆಲಿವಿಷನ್ನಿನ ಮೇಲೆ ಸಿಗುವ ಲಾಭ ಅತ್ಯಲ್ಪ. ಇಂಥ ಸಣ್ಣ ಸರಕುಗಳ ಮೇಲಿನ ಲಾಭದಿಂದಲೇ ಕೆಲಸದವರ ಸಂಬಳ ನಡೆಯುತ್ತದೆ. ತಿಳಿಯದೆ ಆದ ತಪ್ಪನ್ನು ಮೋಸವೆನ್ನುವುದು ಹೇಗೆ?

ಹಿರಿಯರು ಮೋಸವೆಂದು ಹೇಳಲಿಲ್ಲ, ಪ್ರಮಾದವೆಂದರು. "ನಿನಗೆ ತಿಳಿದಿರಲಿಲ್ಲ ಎಂಬುದು ನಿಜ. ಆದರೆ ತಿಳಿಯದಾಗ ನಿನ್ನ ಊಹೆ 2,800ರ ಕಡೆಗೇ ಏಕೆ ಹೋಯಿತು? 450ರ ಕಡೆಗೆ ಏಕೆ ಹೋಗಲಿಲ್ಲ? ತಕ್ಕಡಿ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಪ್ಪಿದರೆ ಅದು ತಕ್ಕಡಿಯ ದೋಷ. ಪ್ರತಿ ಸಲವೂ ಅಂಗಡಿಯ ಕಡೆಗೇ ತಪ್ಪಿದರೆ ಹಿಡಿದ ಕೈಯನ್ನೂ ನೋಡಬೇಕಾಗುತ್ತದೆ" ಎಂದರು. ಮಗನು ಉತ್ತರ ಕೊಡಲಿಲ್ಲ. ಆದರೆ ಒಪ್ಪಿಕೊಂಡನೆಂದೂ ಹೇಳುವಂತಿರಲಿಲ್ಲ.

ಮರುದಿನ ಹಿರಿಯರು ರಸೀದಿ ಪುಸ್ತಕಗಳನ್ನು ತೆಗೆಸಿ ನೋಡಿದರು. ಆ ವರ್ಷ ಅಂಥ ಹನ್ನೊಂದು ತಂತಿಗಳು ಮಾರಾಟವಾಗಿದ್ದವು. ಎಲ್ಲರಿಗೂ ಹಣ ಮರಳಿಸಬೇಕೆಂಬುದು ಅವರ ಮೊದಲ ಆಲೋಚನೆ. ಇಲ್ಲಿ ಮಗನು ಹೇಳಿದ ಒಂದು ಮಾತಿಗೆ ಅವರೂ ತಲೆಬಾಗಬೇಕಾಯಿತು. ದಪ್ಪ ಹೊದಿಕೆಗೆ, ಗಟ್ಟಿ ತುದಿಗೆ ತನ್ನದೇ ಬೆಲೆಯಿದೆ. ದಿನವೂ ಕಿತ್ತು ಹಾಕುವವನಿಗೆ ಅದು ಹೆಚ್ಚು ಕಾಲ ಬಾಳುತ್ತದೆ. ಬಾಳಿಕೆಗೆಂದು ಕೇಳಿ ಕೊಂಡವನಿಗೆ ಅನ್ಯಾಯವಾಗಿಲ್ಲ. "ಚಿತ್ರ ಚೆನ್ನಾಗಿ ಬರುತ್ತದೆ" ಎಂಬ ಮಾತನ್ನು ನಂಬಿ ಕೊಂಡವನಿಗೆ ಮಾತ್ರ ಆಗಿದೆ. ಆದರೆ ಹನ್ನೊಂದು ಜನರಲ್ಲಿ ಯಾರಿಗೆ ಏನು ಹೇಳಿ ಮಾರಿದುದು? ಮಗನಿಗೆ ನೆನಪಿರಲಿಲ್ಲ, ಕೆಲಸದವನಿಗೂ ನೆನಪಿರಲಿಲ್ಲ. ರಸೀದಿಯಲ್ಲಿ ಬೆಲೆ ಉಳಿದಿತ್ತು, ಆಡಿದ ಮಾತು ಉಳಿದಿರಲಿಲ್ಲ. ಹಿರಿಯರನ್ನು ಹೆಚ್ಚು ನೋಯಿಸಿದುದು ಈ ಸಂಗತಿಯೇ.

ಕೊನೆಗೆ ಗಲ್ಲೆಯ ಮೇಲೆ ಒಂದು ಬರಹ ತೂಗುಹಾಕಿದರು: ಚಿತ್ರ ಉತ್ತಮವಾಗುವುದೆಂಬ ಮಾತಿನ ಮೇಲೆ ದುಬಾರಿ ತಂತಿಯನ್ನು ಕೊಂಡವರು ಅದನ್ನು ಮರಳಿಸಿ ಹಣ ಪಡೆಯಬಹುದು. ನಾಲ್ವರು ಬಂದರು. ಮತ್ತೊಬ್ಬರು ಬಂದು ಓದಿ, ತಂತಿ ಚೆನ್ನಾಗಿಯೇ ಇದೆಯೆಂದು ಹೇಳಿ ಬೇರೇನನ್ನೋ ಕೊಂಡು ಹೋದರು. ಉಳಿದವರ ಸುದ್ದಿ ತಿಳಿಯಲಿಲ್ಲ. ಆ ಬರಹದ ಕೆಳಗೆ, ತಂತಿ ಕೇಳಿ ಬಂದವರನ್ನು ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಬರೆಸಿದರು. ಯಂತ್ರದಲ್ಲಿ ಯಾವ ದ್ವಾರಗಳಿವೆ? ಟೆಲಿವಿಷನ್ನಿನಲ್ಲಿ ಯಾವುವು? ಎರಡರ ನಡುವೆ ಎಷ್ಟು ದೂರ? ಪೆಟ್ಟಿಗೆಯಲ್ಲಿ ಈಗಾಗಲೇ ಯಾವ ತಂತಿ ಬಂದಿದೆ? ಬೆಲೆಯ ಮಾತು ಇವೆಲ್ಲಕ್ಕೂ ಕೊನೆ.

ಈ ಪ್ರಶ್ನೆಗಳು ಇಂದಿಗೂ ಉಪಯುಕ್ತವಾಗಿವೆ. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ಎಷ್ಟೋ ಮನೆಗಳ ಅಟ್ಟದಲ್ಲಿ ಅದು ಇಂದಿಗೂ ಇದೆ. ಅದರಲ್ಲಿ ಎಚ್‌ಡಿಎಂಐ ದ್ವಾರವಿಲ್ಲ. ಅದಕ್ಕೊಂದು ಚಿಕ್ಕ ಪರಿವರ್ತಕವನ್ನು ಕೊಂಡು ಹೊಸ ಟೆಲಿವಿಷನ್ನಿಗೆ ಜೋಡಿಸಬಹುದು. ಆದರೆ ಪರಿವರ್ತಕ ಚಿತ್ರವನ್ನು ಹಿಗ್ಗಿಸುವುದೇ ಹೊರತು ಇಲ್ಲದ ವಿವರವನ್ನು ಸೃಷ್ಟಿಸಲಾರದು. ಟೆಲಿವಿಷನ್ನಿನಲ್ಲಿ ಕಾಂಪೊನೆಂಟ್ ದ್ವಾರವಿದ್ದರೆ ಆ ತಂತಿಯೇ ಸಾಕು. ಪ್ಲೇಸ್ಟೇಷನ್ 3ಕ್ಕೆಂದು ಮಾಡಿದ ಕಾಂಪೊನೆಂಟ್ ತಂತಿ ಇದಕ್ಕೂ ಒಪ್ಪುತ್ತದೆ, ಏಕೆಂದರೆ ಎರಡರ ಹಿಂಬದಿಯ ದ್ವಾರವೂ ಒಂದೇ. ಅದರ ಐದು ತುದಿಗಳಲ್ಲಿ ಎರಡು ಕೆಂಪು ಇರುತ್ತವೆಂಬುದನ್ನು ಮರೆಯಬಾರದು. ಒಂದು ಚಿತ್ರದ್ದು, ಇನ್ನೊಂದು ಧ್ವನಿಯದು. ಹಳದಿಗೆ ಬೇರೆ ದ್ವಾರವಿಲ್ಲದ ಕೆಲವು ಟೆಲಿವಿಷನ್ನುಗಳಲ್ಲಿ ಹಸಿರು ದ್ವಾರವೇ ಹಳದಿಯ ಕೆಲಸವನ್ನೂ ಮಾಡುತ್ತದೆ. ಆಗ ಚಿತ್ರ ಕಪ್ಪು ಬಿಳುಪಾಗಿ ಬಂದರೆ ತಂತಿಯನ್ನು ದೂರುವ ಮೊದಲು ಟೆಲಿವಿಷನ್ನಿನ ಆಯ್ಕೆಯನ್ನು ಬದಲಿಸಿ ನೋಡಬೇಕು. ಅದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಅಗ್ಗವಾದುದೇ ಯಾವಾಗಲೂ ಸರಿ ಎಂಬುದೂ ಸತ್ಯವಲ್ಲ. ಒಂದೆರಡು ಮೀಟರಿಗೆ ಸಾಕಾಗುವ ಸಾಮಾನ್ಯ ಎಚ್‌ಡಿಎಂಐ ತಂತಿ ಸಭಾಭವನದ ಗೋಡೆಯುದ್ದಕ್ಕೂ ಹದಿನೈದು ಮೀಟರ್ ಎಳೆದಾಗ ಸೋಲಬಹುದು. ಅಲ್ಲಿ ಅದಕ್ಕೆಂದೇ ತಯಾರಿಸಿದ ತಂತಿ ಬೇಕು. ಸ್ಫುಟತೆ ಹೆಚ್ಚಿದಂತೆ ತಂತಿಯ ಹೊರೆಯೂ ಹೆಚ್ಚುತ್ತದೆ. 1080 ಸಾಲುಗಳ ಚಿತ್ರದಲ್ಲಿ ಸುಮಾರು 20.7 ಲಕ್ಷ ಬಿಂದುಗಳಿದ್ದರೆ 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ. 4ಕೆ ಚಿತ್ರವನ್ನು ಸೆಕೆಂಡಿಗೆ 120 ಸಲ ಕಳುಹಿಸಬಲ್ಲ ಯಂತ್ರಕ್ಕೆ ಸೆಕೆಂಡಿಗೆ 48 ಗಿಗಾಬಿಟ್ ತಾಳುವ ಅಲ್ಟ್ರಾ ಹೈ ಸ್ಪೀಡ್ ದರ್ಜೆಯ ತಂತಿ ಬೇಕು. ಅದರ ಪೊಟ್ಟಣದ ಮೇಲೆ ಫೋನಿನಿಂದ ಪರೀಕ್ಷಿಸಬಹುದಾದ ಅಧಿಕೃತ ಚೀಟಿ ಅಂಟಿಸಿರುತ್ತದೆ. ನೋಡಬೇಕಾದುದು ಆ ಚೀಟಿಯನ್ನು, ಬಂಗಾರದ ಹೊಳಪನ್ನಲ್ಲ.

ಹಿರಿಯರು ಈಗ ಇಲ್ಲ. ಗಲ್ಲೆಯಲ್ಲಿ ಕುಳಿತುಕೊಳ್ಳುವ ಮಗನ ಕೂದಲೂ ನರೆತಿದೆ. ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದ 2021ರಲ್ಲಿ ಯುವಕನೊಬ್ಬನು ಅಂಗಡಿಗೆ ಬಂದು, ಹೊಸ 4ಕೆ ಟೆಲಿವಿಷನ್ನಿಗೂ ಆ ಯಂತ್ರಕ್ಕೂ ನಡುವೆ ಹಾಕಲು ಎಲ್ಲಕ್ಕಿಂತ ಉತ್ತಮವಾದ ತಂತಿಯನ್ನು ಕೇಳಿದನು. ಬೆಲೆ ಎಷ್ಟಾದರೂ ಸರಿ ಎಂದನು. ಮಗನು ಗೋಡೆಯ ಮೇಲಿನ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದನು. ನಾಲ್ಕನೆಯದಕ್ಕೆ ಯುವಕನ ಬಳಿ ಉತ್ತರವಿರಲಿಲ್ಲ. ಪೆಟ್ಟಿಗೆಯಲ್ಲಿ ಯಾವುದೋ ತಂತಿ ಇತ್ತು, ಬಿಟ್ಟಿ ಬಂದುದೆಂದು ಬದಿಗಿಟ್ಟಿದ್ದೆ ಎಂದನು.

"ಅದೇ ಸರಿಯಾದ ತಂತಿ. ಬೇಕಾದ ದರ್ಜೆಯದನ್ನೇ ಇಟ್ಟಿರುತ್ತಾರೆ. ಮೊದಲು ಅದನ್ನು ಹಾಕಿ ನೋಡಿ. ಉದ್ದ ಸಾಲದಿದ್ದರೆ ಮಾತ್ರ ಬನ್ನಿ" ಎಂದನು ಮಗ.

ಯುವಕನು ಮರಳಿ ಬರಲಿಲ್ಲ. ಆ ದಿನದ ಲೆಕ್ಕದಲ್ಲಿ ಆ ವ್ಯಾಪಾರಕ್ಕೆ ಒಂದು ಸಾಲೂ ಇಲ್ಲ. ಹನ್ನೆರಡು ವರ್ಷಗಳ ಹಿಂದಿನ ಸಂಜೆ ತಂದೆಗೆ ಕೊಡದೆ ಉಳಿಸಿಕೊಂಡಿದ್ದ ಉತ್ತರವನ್ನು ಮಗನು ಅಂದು ಹೀಗೆ ಸಲ್ಲಿಸಿದನೆನ್ನಬಹುದು. ವರ್ತಕನು ಎಲ್ಲವನ್ನೂ ತಿಳಿದಿರಲು ಸಾಧ್ಯವಿಲ್ಲ, ಸರಕುಗಳು ವರ್ಷ ವರ್ಷವೂ ಬದಲಾಗುತ್ತವೆ. ಆದರೆ ತನಗೆ ತಿಳಿಯದ ವಿಷಯದಲ್ಲಿ ತನ್ನ ಲಾಭದ ಕಡೆಗೆ ಊಹಿಸದಿರುವುದು ಅವನಿಗೆ ಯಾವಾಗಲೂ ಸಾಧ್ಯ.